ವರ್ಷದ ಆಟಗಾರ್ತಿಯ ಅತ್ತೆ

೨ ಜನವರಿ ೨೦೧೯, ಬುಧವಾರ

ಹೊನ್ನೂರಪ್ಪನ ಅಕ್ಕಿ ಗಿರಣಿಯವರು ಪ್ರತಿ ವರ್ಷ ಕೊಡುವ ಡೈರಿ ಈ ಸಲವೂ ಬಂತು. ಹಪ್ಪಳ ಒಣಗಿಸುವಾಗ ಬಟ್ಟೆ ಹಾರಬಾರದೆಂದು ಅದನ್ನು ಭಾರಕ್ಕೆ ಇಡುವುದು ನಮ್ಮ ಮನೆಯ ಪದ್ಧತಿ. ಈ ವರ್ಷ ಬರೆಯಲೇಬೇಕಾದ ಒಂದು ವಿಷಯ ಬಂದಿದೆ. ಕೇಳುವ ಯೋಗ್ಯತೆ ಇರುವವರು ಮನೆಯಲ್ಲಿ ಯಾರೂ ಇಲ್ಲ. ಆದ್ದರಿಂದ ನನಗೇ ಹೇಳಿಕೊಳ್ಳುತ್ತೇನೆ.

ದೇಶದ ವರ್ಷದ ಅತ್ಯುತ್ತಮ ಫುಟ್‌ಬಾಲ್ ಆಟಗಾರ್ತಿ ಪ್ರಶಸ್ತಿಗೆ ಕೊನೆಗೆ ಉಳಿದ ಮೂವರಲ್ಲಿ ನಮ್ಮ ಸೊಸೆ ಸುರೇಖಾ ಒಬ್ಬಳು. ಪೇಪರಿನಲ್ಲಿ ಫೋಟೋ ಬಂದಿದೆ. ಚಡ್ಡಿಯಲ್ಲೇ ಬಂದಿದೆ. ಮದುವೆಯಾಗಿ ಎರಡು ವರ್ಷ, ಕೇಳಿದವರಿಗೆಲ್ಲ ನಾನು ಸೊಸೆ ರೈಲ್ವೆಯಲ್ಲಿದ್ದಾಳೆ ಎಂದಷ್ಟೇ ಹೇಳಿದ್ದೆ. ಏನು ಕೆಲಸ ಎಂದರೆ ದೊಡ್ಡ ಕೆಲಸ ಎನ್ನುತ್ತಿದ್ದೆ. ಇನ್ನು ಆ ದೊಡ್ಡ ಕೆಲಸ ಯಾವುದೆಂದು ಗಂಗಾವತಿ ತಾಲೂಕಿಗೆಲ್ಲ ಗೊತ್ತಾಯಿತು.

ಪೇಪರಿನವರು ಆಕೆಯನ್ನು ಸಮುದ್ರದ ಕಡೆಯ ಮಂಗಳೂರಿನವಳೆಂದು ಬರೆದಿದ್ದಾರೆ. ಆಕೆಯ ತವರು ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಅಲ್ಲಿ ಸಮುದ್ರ ಹೋಗಲಿ, ಕೆರೆಯಲ್ಲಿ ನೀರು ಕಂಡರೆ ಪುಣ್ಯ. ಮಗ ಯಂಕೇಶನಿಗೆ ಹೇಳಿ ಪೇಪರಿನವರಿಗೆ ಫೋನು ಹಚ್ಚಿಸಿ, ನಾನೇ ಬೈದೆ. ಪಕ್ಕದ ಮನೆಯ ಹಸೀನಾಬೇಗಂ ಕೇಳಿಸಿಕೊಂಡಳು. ಸಾಲಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು, ಆಮೇಲೆ ಸಾಲಿಯಲ್ಲೇ ಟೀಚರಾಗಿ ನಿವೃತ್ತಳಾದವಳು. ನನ್ನನ್ನು ಹೆಸರು ಮುರಿದು ಕರೆಯುವ ಜೀವ ಭೂಮಿಯ ಮೇಲೆ ಅದೊಂದೇ.

“ಏ ರೇಣಿ, ಎರಡು ವರ್ಷ ಆಕಿ ಆಟ ಮುಚ್ಚಿಟ್ಟಾಕಿ ನೀನ. ಈಗ ಊರು ತಪ್ಪಾತಂತ ಜಗಳಕ್ಕ ನಿಂತೀಯೇನ?”

ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಹಾಲು ಇರಲಿಲ್ಲ ಎಂದು ಇಲ್ಲಿ ಬರೆಯಬಹುದು.

೬ ಜನವರಿ, ಭಾನುವಾರ

ಸೊಸೆ ಎರಡು ದಿನದ ರಜೆಗೆ ಬಂದಿದ್ದಾಳೆ. ಬೂಟು ಹಿತ್ತಲ ಕಟ್ಟೆಯ ಮೇಲೆ, ಇದು ನನ್ನ ನಿಯಮ. ಚೆಂಡು ಮಂಚದ ಕೆಳಗೆ, ಇದು ಯಂಕೇಶ ಗೋಗರೆದು ಪಡೆದ ರಿಯಾಯಿತಿ.

ರೊಟ್ಟಿ ಬಡಿಯುತ್ತ, ಈ ಪ್ರಶಸ್ತಿ ಕೊಡುವವರು ಯಾರು ಎಂದು ಕೇಳಿದೆ. ಆಕೆ ಊಟದ ತಾಟು ಬಿಟ್ಟು ನನ್ನ ಹತ್ತಿರ ಬಂದು ಕುಳಿತಳು. ಲೀಗಿನಲ್ಲಿ ಹನ್ನೊಂದು ತಂಡ, ಹನ್ನೊಂದು ಕೋಚ್, ತಲೆಗೊಂದು ಓಟು. ದೆಹಲಿಯ ಮಂಡಳಿ ಓಟು ಎಣಿಸುತ್ತದೆ, ಅಷ್ಟೇ. ಇಷ್ಟು ಕೇಳುತ್ತಿದ್ದಂತೆ ನನಗೆ ಎಲ್ಲ ತಿಳಿಯಿತು. ಫುಟ್‌ಬಾಲ್ ನನಗೆ ಗೊತ್ತಿಲ್ಲ, ಓಟು ಗೊತ್ತು. ಸೊಸೈಟಿ, ಪಂಚಾಯಿತಿ, ಎಪಿಎಂಸಿ, ಯಾವುದರಲ್ಲೂ ನಮ್ಮ ಮನೆಯವರು ನಿಂತು ಸೋತದ್ದಿಲ್ಲ.

ಆ ಹನ್ನೊಂದು ಜನ ಯಾರು, ಯಾವ ಊರು ಎಂದು ಕೇಳಿದೆ. ನೆಲದ ಮೇಲೆ ಶೇಂಗಾ ಕಾಳು ಜೋಡಿಸಿ ಒಬ್ಬೊಬ್ಬರನ್ನೇ ಹೇಳಿದಳು. ಚೆನ್ನೈನವರು ಭಾಳ ಸಿಟ್ಟಿನವರು, ಆದರೆ ಸೋತ ದಿನವೂ ಎದುರಾಳಿ ಹುಡುಗಿಯರ ಕೈ ಕುಲುಕಿ ಹೋಗುತ್ತಾರೆ. ಕೊಲ್ಹಾಪುರದವರು ಒಂದು ಕಾಲದಲ್ಲಿ ಪೈಲ್ವಾನರು. ಕೋಳಿಕ್ಕೋಡಿನ ಹೆಂಗಸು ನಾಲ್ಕು ಮಕ್ಕಳ ತಾಯಿ. ಅರ್ಧ ಗಂಟೆ ಮಾತಾಡಿದಳು. ಈ ಮನೆಗೆ ಬಂದ ಮೇಲೆ ನನ್ನೆದುರು ಆಕೆ ಅಷ್ಟು ಮಾತಾಡಿದ್ದು ಇದೇ ಮೊದಲು. ನಾನು ಈ ಡೈರಿಯ ಕೊನೆಯ ಹಾಳೆಯಲ್ಲಿ ಹೆಸರು, ಊರು ಎಲ್ಲ ಬರೆದುಕೊಂಡೆ.

“ಅತ್ತೀ, ಬರಕೊಂಡ್ರ್ಯಾ?” ಎಂದಳು. ಇಂಥವು ಮರೆಯಬಾರದು ಎಂದೆ. ಮುಖ ಅರಳಿತು. ರೊಟ್ಟಿ ಒಂದು ಸೀದುಹೋಯಿತು. ಬೈಯಲಿಲ್ಲ.

೯ ಜನವರಿ, ಬುಧವಾರ

ಗಂಗಾವತಿಗೆ ಹೋಗಿ ಬಂದೆ. ನಮ್ಮ ಕಡೆ ಒಂದು ಕೆಲಸ ಆಗಬೇಕಾದರೆ ಸಂಬಂಧಪಟ್ಟವರ ಮನೆಗೆ ಒಂದು ಚೀಲ ಹಳೆ ಅಕ್ಕಿ ಹೋಗುತ್ತದೆ. ಹೆಡ್‌ಮಾಸ್ತರಿಗೆ, ಡಾಕ್ಟರಿಗೆ, ಓಟಿದ್ದವರಿಗೆ. ಅದಕ್ಕೆ ಲಂಚ ಅನ್ನುವುದಿಲ್ಲ, ಮರ್ಯಾದೆ ಅನ್ನುತ್ತೇವೆ. ಕಾಲುವೆ ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊನ್ನೂರಪ್ಪ ನನ್ನ ತವರಿನ ಕಡೆ ತಮ್ಮನಾಗಬೇಕು. ಗಿರಣಿಯ ಲಾರಿಗಳು ದೇಶ ಸುತ್ತುತ್ತವೆ. ಹನ್ನೊಂದು ಹೆಸರು ಅವನ ಮುಂದಿಟ್ಟೆ. ಓದಿ ತಲೆ ತುರಿಸಿಕೊಂಡ.

“ಅಕ್ಕಾರ, ನಮ್ಮ ಲಾರಿ ಹೋಗೂದು ಇದರಾಗ ನಾಲ್ಕು ಊರಿಗೆ. ಮಣಿಪುರಕ್ಕ ಅಕ್ಕಿ ಒಯ್ಯೂದ್ರಾಗ ಅದು ಅನ್ನ ಆಗಿರತೈತಿ.”

ನಾಲ್ಕಾದರೂ ಆಗಲಿ ಎಂದೆ. ಚೆನ್ನೈ, ಮಧುರೈ, ಕೋಳಿಕ್ಕೋಡು, ಕೊಲ್ಹಾಪುರ. ಒಂದು ವರ್ಷ ಹಳೆಯದಾದ ಸೋನಾ ಮಸೂರಿ, ನಾನೇ ಅಂಗೈಯಲ್ಲಿ ಹಾಕಿಕೊಂಡು ನೋಡಿ ಆರಿಸಿದೆ. ಹೊಸ ಅಕ್ಕಿ ಕೊಟ್ಟು ಮನೆತನದ ಹೆಸರು ಕೆಡಿಸಿಕೊಳ್ಳುವವಳಲ್ಲ ನಾನು. ಚೀಲದೊಳಗೆ ಚೀಟಿ: ‘ಸುರೇಖಾಳ ಮನೆಯಿಂದ ಗೌರವಪೂರ್ವಕ. ಆಕೆಯ ನೆನಪಿರಲಿ.’ ಹೊನ್ನೂರಪ್ಪ ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ.

ಯಂಕೇಶನಿಗೆ ಹೇಳಲಿಲ್ಲ. ನೀರಾವರಿ ಇಲಾಖೆಯ ನೌಕರಿ ಅವನನ್ನು ಅಂಜುಬುರುಕ ಮಾಡಿದೆ.

೧೫ ಜನವರಿ, ಮಂಗಳವಾರ

ಸಂಕ್ರಾಂತಿ. ಸಜ್ಜೆ ರೊಟ್ಟಿ, ಬದನೆಕಾಯಿ, ಎಳ್ಳು. ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹುಲಿಗವ್ವ ಎಳ್ಳು ಬೀರಲು ಬಂದಳು. ಅವಳ ಸೊಸೆ ಕುಷ್ಟಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹತ್ತು ವರ್ಷದಿಂದ ಪ್ರತಿ ಹಬ್ಬಕ್ಕೆ ಆ ಸೊಸೆಯ ವರದಿ ಕೇಳುವುದು ನನ್ನ ಪಾಲಿಗೆ ಬಂದಿತ್ತು. ಈ ಸಲ ಅವಳು ಬಾಯಿ ತೆರೆಯುವ ಮೊದಲೇ ಪ್ರಶಸ್ತಿ ಬಂದಂತೆಯೇ ಎಂದೆ. ಅವಳು ಎಳ್ಳು ನುಂಗಲಾರದೆ ನೀರು ಕೇಳಿದಳು. ಹಬ್ಬ ಚೆನ್ನಾಗಿತ್ತು.

ಪ್ರಶಸ್ತಿ ಬಂದ ಮೇಲೆ ಮಾಡುವುದೇನೆಂದು ನಿರ್ಧರಿಸಿದ್ದೇನೆ. ಇನ್ನು ಆಟ ಸಾಕು, ಮೇಲೆ ಹೋಗುವುದಕ್ಕೆ ಮೆಟ್ಟಿಲೇ ಉಳಿದಿಲ್ಲ ಎಂದು ಸೊಸೆಗೆ ಹೇಳುವುದು. ಬರುವ ಸಂಕ್ರಾಂತಿಗೆ ತೊಟ್ಟಿಲು.

ಸಂಜೆ ಯಂಕೇಶ ಫೋನಿನಲ್ಲಿ ಆಕೆಯ ಆಟ ನೋಡುತ್ತಿದ್ದ. ನನಗೂ ಕೆಲಸ ಇರಲಿಲ್ಲವಾದ್ದರಿಂದ ನೋಡಿದೆ. ಚೆಂಡು ಕಾಲಿಗೆ ಬಂದಾಗ ಆಕೆ ಚೆಂಡನ್ನು ನೋಡುವುದಿಲ್ಲ. ತನ್ನ ತಂಡದವಳು ಇನ್ನೂ ಹೋಗದ ಜಾಗಕ್ಕೆ ಕಳಿಸುತ್ತಾಳೆ, ಅಷ್ಟರಲ್ಲಿ ಅವಳು ಅಲ್ಲಿರುತ್ತಾಳೆ. ಗದ್ದೆಗೆ ನೀರು ಕಟ್ಟುವವರಲ್ಲಿ ಬಲ್ಲವರು ಹೀಗೆಯೇ. ನೀರು ಇದ್ದಲ್ಲಿ ಗುದ್ದಲಿ ಹಾಕುವುದಿಲ್ಲ, ಬರುವಲ್ಲಿ ಹಾಕುತ್ತಾರೆ. ಫೋನಿನ ಬ್ಯಾಟರಿ ಮುಗಿಯಿತು. ಅದನ್ನು ಚಾರ್ಜಿಗೆ ಇಡದೆ ಆಟ ನೋಡಿದ್ದಕ್ಕೆ ಯಂಕೇಶನಿಗೆ ಬೈದೆ.

೨೨ ಜನವರಿ, ಮಂಗಳವಾರ

ಬೆಳಿಗ್ಗೆ ಸುರೇಖಾ ಫೋನು ಮಾಡಿದಳು. ಚೆನ್ನೈನ ಕೋಚ್ ತಮ್ಮ ಬಾಗಿಲಿಗೆ ಬಂದ ಅಕ್ಕಿ ಚೀಲದ ಫೋಟೋ, ಚೀಟಿಯ ಫೋಟೋ ಎರಡನ್ನೂ ಮಂಡಳಿಗೆ ಕಳಿಸಿದ್ದಾರೆ. ಸಿಟ್ಟಿನವರು ಎಂದು ಆಕೆ ಹೇಳಿಯೇ ಇದ್ದಳು. ಉಳಿದ ಮೂವರೂ ಹೌದು ನಮಗೂ ಬಂದಿದೆ ಎಂದರಂತೆ. ಇದೇ ಮೂವತ್ತೊಂದರೊಳಗೆ ಸುರೇಖಾ ಇದಕ್ಕೆ ಉತ್ತರ ಕೊಡಬೇಕು. ಇಲ್ಲದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಓಟು ಕೊಳ್ಳಲು ಹೋದವಳೆಂಬ ಮಾತು ಮಾತ್ರ ಉಳಿಯುತ್ತದೆ.

“ಅತ್ತೀ, ಚೀಲದ ಮ್ಯಾಲ ಗಂಗಾವತಿ ಗಿರಣಿ ಹೆಸರೈತಿ. ಯಾರು ಕಳಿಸ್ಯಾರಂತ ನಿಮಗೇನರೆ ಗೊತ್ತೈತೇನ್ರಿ?”

ಗೊತ್ತಿಲ್ಲ ಎಂದೆ.

೨೩ ಜನವರಿ, ಬುಧವಾರ

ಬರೆಯುವಂಥದ್ದು ಏನೂ ಇಲ್ಲ.

೨೫ ಜನವರಿ, ಶುಕ್ರವಾರ

ಹೊನ್ನೂರಪ್ಪ ಬಂದಿದ್ದ. ಸುಮ್ಮನಿದ್ದರೆ ತಾನೇ ತಣ್ಣಗಾಗುತ್ತದೆ ಎಂದ. ಎಪಿಎಂಸಿಯಲ್ಲಿ ಇಷ್ಟು ವರ್ಷ ಇದ್ದೇನೆ, ನಾನು ಕಳಿಸಿದೆ ಎಂದು ಎದ್ದು ನಿಂತವನನ್ನು ಒಬ್ಬನನ್ನೂ ಕಂಡಿಲ್ಲ ಎಂದ. ಅವನ ಮಾತು ನನಗೆ ಬಹಳ ಹಿಡಿಸಿತು. ಹಿಡಿಸಿದ್ದರಿಂದಲೇ ಸಂಶಯ ಬಂತು.

ಮಧ್ಯಾಹ್ನ ಹಸೀನಾ ಬಂದು ನನ್ನ ಮುಖ ನೋಡಿದಳು. ಐದನೆಯ ತರಗತಿಯಲ್ಲಿ ನಾನು ಅವಳ ಮಸಿ ದೌತಿ ಚೆಲ್ಲಿ ಬೇರೆಯವರ ಮೇಲೆ ಹೇಳಿದಾಗಲೂ ಹೀಗೆಯೇ ನೋಡಿದ್ದಳು. ಎಲ್ಲ ಹೇಳಿಬಿಟ್ಟೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

“ಅಕ್ಕಿ ಕಳಿಸಿದ್ದು ಶಾಣ್ಯಾತನ ಅಲ್ಲ, ಹೋಗಲಿ ಬಿಡು. ಗೊತ್ತಿಲ್ಲ ಅಂದೆಲ್ಲ, ಅದು ಯಾವ ಮನೆತನದ ಮಾತ?”

ನಮ್ಮ ಮನೆತನದ ವಿಷಯ ಎತ್ತಬೇಡ ಎಂದೆ. ಎತ್ತಿದವಳು ನೀನೇ, ದಿನಕ್ಕೆ ಹತ್ತು ಸಲ, ಎಂದು ಹೊರಟುಹೋದಳು. ಚಹಾ ಕುಡಿಯಲಿಲ್ಲ.

ನನ್ನ ಗಂಡ ದೊಡ್ಡಬಸಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಬಹಳ ಹೊತ್ತು ಯೋಚಿಸಿದೆ. ಅವರು ನನ್ನನ್ನು ಕೇಳುತ್ತಿದ್ದರು. ಅದರಿಂದ ಪ್ರಯೋಜನವಾಗಲಿಲ್ಲ.

೨೭ ಜನವರಿ, ಭಾನುವಾರ

ಮಂಡಳಿಗೆ ಪತ್ರ ಬರೆದೆ. ಎಸ್ಸೆಸ್ಸೆಲ್ಸಿಯಲ್ಲಿ ಸೆಕೆಂಡ್ ಕ್ಲಾಸ್ ಬಂದವಳು, ಪತ್ರಲೇಖನದಲ್ಲಿ ಶಾಲೆಗೇ ಹೆಚ್ಚು ಅಂಕ. ಎರಡೂವರೆ ಪುಟ ಆಯಿತು. ಹಸೀನಾಳನ್ನು ಕರೆಸಿ ಓದಿಸಿದೆ. ಮೊದಲ ಪುಟವಿಡೀ ನಮ್ಮ ಮನೆತನ ಇದೆ ಎಂದು ಹೊಡೆದು ಹಾಕಿದಳು. ಎರಡನೆಯ ಪುಟದಲ್ಲಿ ಗಂಗಾವತಿ ಅಕ್ಕಿಯ ಗುಣ ಇದೆ ಎಂದು ಅದನ್ನೂ ಹೊಡೆದಳು. ಉಳಿದ ಅರ್ಧ ಪುಟದಲ್ಲಿ ತಪ್ಪು ಎಂಬ ಶಬ್ದ ಎಲ್ಲಿದೆ ತೋರಿಸು ಎಂದಳು. ಹುಡುಕಿದೆ. ‘ಅಚಾತುರ್ಯ’ ಇತ್ತು, ‘ಸಂಪ್ರದಾಯದ ಭೇದ’ ಇತ್ತು. ತಪ್ಪು ಇರಲಿಲ್ಲ.

ಕೊನೆಗೆ ಐದು ಸಾಲು ಆಯಿತು. ಅಕ್ಕಿ ಕಳಿಸಿದವಳು ನಾನು. ಸುರೇಖಾಳಿಗೆ ಗೊತ್ತಿರಲಿಲ್ಲ. ಕೇಳಿದಾಗ ಅವಳಿಗೂ ಸುಳ್ಳು ಹೇಳಿದೆ. ಇದು ನನ್ನ ತಪ್ಪು. ಶಿಕ್ಷೆ ಅವಳಿಗೆ ಬೇಡ. ಅರವತ್ತಾರು ವರ್ಷದಲ್ಲಿ ಇಷ್ಟು ಸಣ್ಣ ಪತ್ರಕ್ಕೆ ನಾನು ಸಹಿ ಹಾಕಿದ್ದಿಲ್ಲ. ಹಸೀನಾ ಇಂಗ್ಲಿಷಿಗೆ ತಂದಳು. ಕಳಿಸುವುದಕ್ಕೆ ಮೊದಲು ಸುರೇಖಾಳಿಗೆ ನೀನೇ ಹೇಳು ಎಂದು ಫೋನು ಕೈಗಿಟ್ಟಳು.

ಹೇಳಿದೆ. ಆ ಕಡೆ ಆಕೆಯ ಹಿಂದೆ ಹುಡುಗಿಯರು ಓಡುವ ಸಪ್ಪಳ, ಸೀಟಿ ಕೇಳುತ್ತಿತ್ತು. ಆಮೇಲೆ ಒಂದೇ ಮಾತು ಕೇಳಿದಳು.

“ಅವತ್ತ ಒಲಿ ಮುಂದ ಕುಂತು ಅವರೆಲ್ಲಾರ ಹೆಸರು ಕೇಳಿದ್ದು ಇದಕ್ಕೇನ್ರಿ?”

ಅಕ್ಕಿಯ ಬಗ್ಗೆ ಕೇಳುತ್ತಾಳೆ, ಸುಳ್ಳಿನ ಬಗ್ಗೆ ಕೇಳುತ್ತಾಳೆ ಎಂದುಕೊಂಡು ಎರಡಕ್ಕೂ ಉತ್ತರ ಕಟ್ಟಿಟ್ಟಿದ್ದೆ. ಎರಡೂ ಬೇಕಾಗಲಿಲ್ಲ. ಹೌದು ಎಂದೆ. ಫೋನು ಇಟ್ಟಳು.

ಪತ್ರ ಕಳಿಸಿಯಾಯಿತು. ಯಂಕೇಶ ನನ್ನ ಜೊತೆ ಊಟಕ್ಕೆ ಕೂಡಲಿಲ್ಲ. ಅಂಜುಬುರುಕ ಎಂದಿದ್ದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

೬ ಫೆಬ್ರವರಿ, ಬುಧವಾರ

ಮಂಡಳಿಯ ಉತ್ತರ ಬಂದಿದೆ. ನನ್ನ ಪತ್ರ ಒಪ್ಪಿದ್ದಾರೆ. ಸುರೇಖಾಳ ತಪ್ಪೇನೂ ಇಲ್ಲ, ಹೆಸರು ಪಟ್ಟಿಯಲ್ಲಿ ಇರುತ್ತದೆ. ಅಕ್ಕಿ ಬಂದ ನಾಲ್ವರು ಕೋಚ್‌ಗಳು ಮಾತ್ರ ತಾವಾಗಿಯೇ ಓಟಿನಿಂದ ಹಿಂದೆ ಸರಿದಿದ್ದಾರೆ. ಅಕ್ಕಿಯನ್ನು ಆಯಾ ಊರಿನ ಅನಾಥಾಶ್ರಮಗಳಿಗೆ ಕೊಟ್ಟರಂತೆ. ಏಳು ಓಟು ಉಳಿದವು.

ಹಸೀನಾಳಿಗೆ ಓದಿ ಹೇಳಿ, ನೋಡು, ಪತ್ರ ಬರೆಯುವುದೆಂದರೆ ಹೀಗೆ ಎಂದೆ. ಅವಳು ಬೆರಳು ಮಡಚಿ ಹನ್ನೊಂದರಲ್ಲಿ ನಾಲ್ಕು ಕಳೆದಳು.

೧೨ ಫೆಬ್ರವರಿ, ಮಂಗಳವಾರ

ಪ್ರಶಸ್ತಿ ಮಣಿಪುರದ ಹುಡುಗಿಗೆ ಬಂತು. ಅವಳಿಗೆ ನಾಲ್ಕು ಓಟು, ಸುರೇಖಾಳಿಗೆ ಎರಡು, ಇನ್ನೊಬ್ಬಳಿಗೆ ಒಂದು.

ಹಿಂದೆ ಸರಿದ ನಾಲ್ವರಲ್ಲಿ ಮೂವರು ತಮ್ಮ ಓಟು ನಿನಗೇ ಎಂದು ಡಿಸೆಂಬರಿನಲ್ಲೇ ಸುರೇಖಾಳಿಗೆ ಹೇಳಿದ್ದರಂತೆ. ಯಂಕೇಶ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಇಲಾಖೆಯಲ್ಲಿ ಕಾಲುವೆಯ ನೀರಿನ ಮಟ್ಟ ಓದಿ ಹೇಳುವಂತೆ ಹೇಳಿದ.

ದೇಶದಲ್ಲಿ ಹನ್ನೊಂದು ಮನೆಗಳಿದ್ದವು. ಅದರಲ್ಲಿ ಆಕೆಯನ್ನು ಮೆಚ್ಚಿದ ಮನೆಗಳನ್ನೇ ಹುಡುಕಿ ನಾನು ಬಾಗಿಲು ಮುಚ್ಚಿಸಿ ಬಂದೆ. ವೈರಿಗೂ ಇಷ್ಟು ಅಚ್ಚುಕಟ್ಟಾಗಿ ಮಾಡಲು ಬರುತ್ತಿರಲಿಲ್ಲ. ನಮ್ಮ ಮನೆಯವರು ಓಟಿನಲ್ಲಿ ಸೋತದ್ದಿಲ್ಲ ಎಂದು ಜನವರಿ ಆರರಂದು ಬರೆದಿದ್ದೇನೆ. ಅಳಿಸುವುದಿಲ್ಲ, ಹಾಗೆಯೇ ಇರಲಿ.

೧೩ ಫೆಬ್ರವರಿ, ಬುಧವಾರ

ಹುಲಿಗವ್ವ ಬಂದಿದ್ದಳು. ಸಮಾಧಾನ ಹೇಳಲು.

೧೯ ಫೆಬ್ರವರಿ, ಮಂಗಳವಾರ

ಸುರೇಖಾ ಫೋನು ಮಾಡುವುದು ಯಂಕೇಶನಿಗೆ ಮಾತ್ರ. ಅತ್ತೆ ಹೇಗಿದ್ದಾರೆ ಎಂದು ಕೇಳುತ್ತಾಳಂತೆ. ಆರಾಮ ಎಂದು ಇವನು ಹೇಳುತ್ತಾನಂತೆ. ಅಲ್ಲಿಗೆ ನನ್ನ ಅಧ್ಯಾಯ ಮುಗಿಯುತ್ತದೆ.

ಒಂದು ಪೇಪರಿನಲ್ಲಿ ‘ಅಕ್ಕಿ ಕಳಿಸಿದ ಆಟಗಾರ್ತಿಗೆ ಕೈತಪ್ಪಿದ ಪ್ರಶಸ್ತಿ’ ಎಂದು ಬಂದಿದೆ. ಆಕೆಯ ತಪ್ಪಿಲ್ಲ ಎಂದು ಮಂಡಳಿ ಹೇಳಿದ್ದನ್ನು ಹುಡುಕಿದೆ, ಎಲ್ಲೂ ಇಲ್ಲ. ಈ ಸಲ ಊರಿನ ಹೆಸರು ಮಾತ್ರ ಸರಿಯಾಗಿ ಹಾಕಿದ್ದಾರೆ, ಯಲಬುರ್ಗಾ ತಾಲೂಕಿನ ಮಂಗಳೂರು. ಫೋನು ಹಚ್ಚಿ ಬೈಯಲು ಹೋಗಿ ಇಟ್ಟುಬಿಟ್ಟೆ. ಏನೆಂದು ಬೈಯಲಿ? ನಾನು ಯಾರೆಂದು ಹೇಳಬೇಕಾಗುತ್ತದೆ.

ಈ ವಾರ ಆಕೆಯ ಹಳೆಯ ಆಟ ನಾಲ್ಕು ನೋಡಿದೆ. ಎಡಗಾಲು ಸ್ವಲ್ಪ ಎಳೆಯುತ್ತಾಳೆ. ಎಣ್ಣೆ ಹಚ್ಚಿ ತಿಕ್ಕುವವರು ಅಲ್ಲಿ ಯಾರಾದರೂ ಇದ್ದಾರೋ ಇಲ್ಲವೋ. ಆಟ ಬಿಟ್ಟರೆ ಆ ಕಾಲು ಕೆಲಸವಿಲ್ಲದೆ ಕೆಡುತ್ತದೆ.

೨೪ ಫೆಬ್ರವರಿ, ಭಾನುವಾರ

ಕೊಪ್ಪಳದ ಕ್ರೀಡಾಂಗಣದಲ್ಲಿ ಸುರೇಖಾಳ ತಂಡಕ್ಕೂ ಜಿಲ್ಲೆಯ ಹುಡುಗಿಯರಿಗೂ ಪ್ರದರ್ಶನದ ಆಟ ಎಂದು ಯಂಕೇಶ ಹೇಳಿದ. ನನ್ನನ್ನು ಯಾರೂ ಕರೆದಿರಲಿಲ್ಲ. ಎಲೆ ಅಡಿಕೆ ಕೊಟ್ಟು ಕರೆಯದೆ ನಾನು ಸ್ವಂತ ತಂಗಿಯ ಮಗಳ ಮದುವೆಗೂ ಹೋದವಳಲ್ಲ. ಬಸ್ಸು ಹತ್ತಿ ಹೋದೆ. ಹಸೀನಾ ಜೊತೆಗೆ ಬಂದಳು. ಯಂಕೇಶ ಮುಂದೆಯೇ ಹೋಗಿದ್ದ, ನಮ್ಮನ್ನು ನೋಡಿ ಸರಿದು ಜಾಗ ಕೊಟ್ಟ.

ಫೋನಿನಲ್ಲಿ ಆಕೆ ಬೆರಳಷ್ಟು ಕಾಣುತ್ತಿದ್ದಳು. ಇಲ್ಲಿ ಎಷ್ಟು ಎತ್ತರದವಳೆಂದು ತಿಳಿಯಿತು. ಎರಡು ವರ್ಷ ಅಡುಗೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುತ್ತಿದ್ದಳು, ಅದನ್ನು ನಾನು ನನಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ. ನಮ್ಮ ಬಾಗಿಲು ಗಿಡ್ಡ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಹಿಂದಿನ ಮೆಟ್ಟಿಲಿನ ಗಂಡಸರು ಶುರು ಮಾಡಿದರು. ಆಕೆಯ ಕಾಲಿಗೆ ಚೆಂಡು ಬಂದಾಗಲೆಲ್ಲ ಒಬ್ಬನು ಸೋನಾ ಮಸೂರಿ ಎಂದು ಕೂಗುವುದು, ಉಳಿದವರು ನಗುವುದು. ಮೊದಲ ಸಲ ಆಕೆಗೆ ಕೇಳಿಸಲಿಲ್ಲ ಎಂದುಕೊಂಡೆ. ಎರಡನೆಯ ಸಲ ಚೆಂಡು ಆಕೆಯ ಕಾಲು ತಪ್ಪಿತು. ನಾನು ನೋಡಿದ ಆರು ಆಟದಲ್ಲಿ ಹಾಗೆ ತಪ್ಪಿದ್ದು ಅದೇ ಮೊದಲು.

“ಒಂದು ಗೋಲಿಗೆ ಎಷ್ಟು ಚೀಲಬೇ?” ಎಂದು ಕೂಗಿದ ಅವನು.

ಎದ್ದು ತಿರುಗಿ ನಿಂತೆ. ಹಸೀನಾ ಸೆರಗು ಹಿಡಿದು ಜಗ್ಗಿದಳು, ಆಮೇಲೆ ಬಿಟ್ಟಳು. ನನ್ನ ದನಿ ದೊಡ್ಡದು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಆಳುಗಳನ್ನು ಕರೆದು ರೂಢಿಯಾದದ್ದು.

“ಅಕ್ಕಿ ಕಳಿಸಿದಾಕಿ ನಾನು. ಆಕಿ ಅತ್ತಿ. ಆಕಿಗೆ ಗೊತ್ತಿರಲಿಲ್ಲ. ಆಕಿಗೆ ಬರೂ ಪ್ರಶಸ್ತಿ ಕಳದಾಕಿನೂ ನಾನ. ಒದರೂದಿದ್ರ ನನ್ನ ಮುಖ ನೋಡಿ ಒದರ್ರಿ.”

ಕೂಗಿದವನು ಯಾರದೋ ಬೆನ್ನಿನ ಹಿಂದೆ ಸರಿದ. ಮುಂದಿನ ಸಾಲಿನವರೆಲ್ಲ ಆಟ ಬಿಟ್ಟು ನನ್ನ ಕಡೆ ತಿರುಗಿದ್ದರು. ನಮ್ಮ ಬೀಗರೊಬ್ಬರು ಇದ್ದರು, ಗಂಗಾವತಿಯ ಇಬ್ಬರು ವ್ಯಾಪಾರಸ್ಥರು ಇದ್ದರು. ನಾಳೆ ಹೊತ್ತು ಮುಳುಗುವುದರೊಳಗೆ ಇದು ಹುಲಿಗವ್ವನ ಮನೆಯಲ್ಲಿರುತ್ತದೆ. ನಿಂತೇ ಇದ್ದೆ. ಕೂಡುವುದು ಹೇಗೆಂದೇ ಮರೆತಂತಾಗಿತ್ತು.

ಅಷ್ಟರಲ್ಲಿ ಚೆಂಡು ಗೆರೆ ದಾಟಿ ನಮ್ಮ ಮುಂದೆಯೇ ಬಂದು ಬಿತ್ತು. ಎಸೆಯಲು ಬಂದವಳು ಸುರೇಖಾ. ಬೆವರು ಇಳಿಯುತ್ತಿತ್ತು, ಮೊಣಕಾಲಿಗೆ ಮಣ್ಣು ಮೆತ್ತಿತ್ತು. ಚೆಂಡು ಎತ್ತಿಕೊಂಡು ನನ್ನನ್ನು ನೋಡಿದಳು. ಎಲ್ಲ ಕೇಳಿಸಿಕೊಂಡ ಮುಖ. ಅದರಲ್ಲಿ ಕ್ಷಮೆ ಇತ್ತು ಎಂದು ಬರೆಯಲಾರೆ, ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

“ಅತ್ತೀ, ಕುಂದರ್ರಿ” ಎಂದಳು. “ಹಿಂದಿನವ್ರಿಗೆ ಆಟ ಕಾಣವಲ್ದು.”

ನನಗೆ ಹೀಗೆ ಹೇಳಿದವರು ಇದುವರೆಗೆ ಯಾರೂ ಇಲ್ಲ.

ಕುಳಿತೆ. ಆಕೆ ಚೆಂಡನ್ನು ತಲೆಯ ಮೇಲೆತ್ತಿ, ಇನ್ನೂ ಯಾರೂ ಹೋಗದ ಜಾಗಕ್ಕೆ ಎಸೆದಳು.